ಮೈ ಲಾಯ್ ಸುದ್ದಿ ಮತ್ತು ಅಮೆರಿಕದ ಜನ: ಸಮೀಕ್ಷೆಗಳನ್ನು ನಾನು ಓದಿದ ರೀತಿ

ವಿಯೆಟ್ನಾಂ ಯುದ್ಧದ ಪಾಠದಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಸಲೀಸಾಗಿ ಬಂದುಬಿಡುತ್ತದೆ: ಮೈ ಲಾಯ್ ಹತ್ಯಾಕಾಂಡ ಬಯಲಾಯಿತು, ಅಮೆರಿಕದ ಜನ ಯುದ್ಧದ ವಿರುದ್ಧ ತಿರುಗಿಬಿದ್ದರು. ಇತಿಹಾಸ ಪಾಠ ಮಾಡುವ ನಾನೂ ಇದನ್ನು ಕೇಳುತ್ತಲೇ ಬಂದವಳು. ಇದು ಎಷ್ಟು ನಿಜ ಅಂತ ತಿಳಿಯಬೇಕು ಅನ್ನಿಸಿತು. ಹಳೆಯ ಪತ್ರಿಕೆಗಳು, ಟಿವಿ ಸುದ್ದಿಯ ಸಾರಾಂಶಗಳು, ಜನಾಭಿಪ್ರಾಯ ಕೇಳುವ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಕೂತೆ.

ಒಂದು ಹಾಳೆಯಲ್ಲಿ ಮೂರು ಸಾಲು ಹಾಕಿಕೊಂಡಿದ್ದೆ. ಏನು ನಡೆಯಿತು, ಜನರಿಗೆ ಯಾವಾಗ ಗೊತ್ತಾಯಿತು, ಆಮೇಲೆ ಜನರನ್ನು ಏನಂತ ಕೇಳಿದರು. ಮೊದಲೆರಡು ಸಾಲುಗಳ ನಡುವೆಯೇ ಇಪ್ಪತ್ತು ತಿಂಗಳ ಅಂತರ ಬಿತ್ತು.

ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಂದದ್ದು 1968ರ ಮಾರ್ಚ್ 16ರಂದು, ವಿಯೆಟ್ನಾಮಿನ ಕ್ವಾಂಗ್ ಙಾಯ್ ಪ್ರಾಂತ್ಯದ ಸಣ್ಣ ಹಳ್ಳಿಯೊಂದರಲ್ಲಿ. ಸತ್ತವರು ಅಮೆರಿಕ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಮಿನ ಸ್ಮಾರಕದಲ್ಲಿ 504. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆದರೆ ಅಮೆರಿಕದ ಮನೆಗಳಿಗೆ ಮರುದಿನ ತಲುಪಿದ್ದು ಗೆಲುವಿನ ಸುದ್ದಿ: 128 ಶತ್ರುಗಳು ಹತ. ವಶವಾದ ಬಂದೂಕುಗಳು ಮಾತ್ರ ಮೂರು! 128 ಹೆಣಕ್ಕೆ ಮೂರು ಬಂದೂಕು ಅಂದರೆ ಏನೋ ಎಡವಟ್ಟು ಅಂತ ಯಾರಿಗಾದರೂ ಹೊಳೆಯಬೇಕಿತ್ತಲ್ವಾ?

1969ರ ಮಾರ್ಚಿನಲ್ಲಿ ರಾನ್ ರೈಡನ್‌ಹವರ್ ಎಂಬ ಮಾಜಿ ಸೈನಿಕ ಕೇಳಿ ತಿಳಿದದ್ದನ್ನೆಲ್ಲ ಬರೆದು ಸಂಸದರಿಗೂ ಪೆಂಟಗನ್‌ಗೂ ಕಳಿಸಿದ. ತನಿಖೆ ಶುರುವಾಯಿತು. ಸೆಪ್ಟೆಂಬರಿನಲ್ಲಿ, ಆ ಹಳ್ಳಿಗೆ ಹೋದ ತುಕಡಿಯೊಂದರ ನಾಯಕ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯ ಮೇಲೆ ಆರೋಪ ಹೊರಿಸಿದರು. ಆ ಸುದ್ದಿ ಪುಟ್ಟದಾಗಿ ಒಳಪುಟಗಳಲ್ಲಿ ಬಂದು ಹೋಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಪತ್ರಕರ್ತ ಸೆಮೋರ್ ಹರ್ಶ್ ವರದಿ 30ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅಚ್ಚಾಯಿತು. 20ನೇ ತಾರೀಖು ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದು ಸೇನೆಯ ಛಾಯಾಗ್ರಾಹಕ ರಾನ್ ಹೇಬರ್ಲಿ ತೆಗೆದ ಫೋಟೋಗಳನ್ನು ಹಾಕಿತು. 24ಕ್ಕೆ ಪಾಲ್ ಮೆಡ್ಲೋ ಎಂಬ ಸೈನಿಕ ಸಿಬಿಎಸ್ ಟಿವಿಯಲ್ಲಿ ಕೂತು, ಹೌದು, ಮಕ್ಕಳನ್ನೂ ಕೊಂದೆವು ಅಂದ.

ಇಲ್ಲಿ ನಾನು ಮೂರನೆಯ ಸಾಲಿಗೆ ಬಂದೆ. ಗ್ಯಾಲಪ್ ಸಂಸ್ಥೆ ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳಿದೆ: ವಿಯೆಟ್ನಾಮಿಗೆ ಸೈನ್ಯ ಕಳಿಸಿದ್ದು ತಪ್ಪಾ? ಹೀಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದ ಸಮೀಕ್ಷೆ ಸಿಕ್ಕರೆ ಬಿಡಬಾರದು, ಅದು ಚಿನ್ನ. ತಪ್ಪು ಅಂದವರು 1965ರ ಆಗಸ್ಟಿನಲ್ಲಿ ಶೇ. 24. 1968ರ ಆಗಸ್ಟಿನಲ್ಲಿ ಶೇ. 53. ಅಂದರೆ ಮೈ ಲಾಯ್ ಹೆಸರು ಕೇಳುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಜನ ಮನಸ್ಸು ಬದಲಿಸಿಯಾಗಿತ್ತು. ಶವಪೆಟ್ಟಿಗೆಗಳು ಬರುತ್ತಲೇ ಇದ್ದವು, ಯುದ್ಧ ಮುಗಿಯುವ ಲಕ್ಷಣ ಇರಲಿಲ್ಲ. ಅದರ ನಂತರದ ಅಂಕಿ ನೋಡಿ. 1969ರ ಸೆಪ್ಟೆಂಬರಿನಲ್ಲಿ ಶೇ. 58, 1970ರ ಜನವರಿಯಲ್ಲಿ ಶೇ. 57. ಆ ಭೀಕರ ಫೋಟೋಗಳು ಬಂದದ್ದು ಸರಿಯಾಗಿ ಈ ಎರಡರ ನಡುವೆ. ಅಂಕಿ ಅಲುಗಾಡಲೇ ಇಲ್ಲ.

ಹಾಗಂತ ಜನರಿಗೆ ಏನೂ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಅದು ಹೋಗಿ ಬಡಿದದ್ದು ಬೇರೆ ಕಡೆ. 1971ರ ಮಾರ್ಚ್ 29ರಂದು ಸೇನಾ ನ್ಯಾಯಾಲಯ ಕ್ಯಾಲಿ ತಪ್ಪಿತಸ್ಥ ಅಂತ ತೀರ್ಪು ಕೊಟ್ಟಿತು. ಕನಿಷ್ಠ 22 ಕೊಲೆ, ಜೀವಾವಧಿ ಶಿಕ್ಷೆ. ದೇಶ ಸಿಡಿದೆದ್ದದ್ದು ಆಗ, ಅದೂ ತೀರ್ಪಿನ ವಿರುದ್ಧ! ಶ್ವೇತಭವನಕ್ಕೆ ಟೆಲಿಗ್ರಾಂಗಳ ರಾಶಿ ಬಂದು ಬಿತ್ತು, ಬಹುಪಾಲು ಕ್ಯಾಲಿಯ ಪರ. ಅವನನ್ನು ಹೊಗಳಿದ ಹಾಡಿನ ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್, ಹಗಲಲ್ಲೇ ಕಾರಿನ ದೀಪ ಹಚ್ಚಿ ಓಡಿಸಿ ಸೈನಿಕರಿಗೆ ಬೆಂಬಲ ತೋರಿಸಿ ಅಂದರು. ಗ್ಯಾಲಪ್ ಕೇಳಿದಾಗ ಶೇ. 79 ಮಂದಿ ತೀರ್ಪು ಒಪ್ಪಲಿಲ್ಲ.

ಈ 79ರ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೇನೆ. ಬರೀ ಅಂಕಿ ನೋಡಿದರೆ ಇಡೀ ದೇಶ ಕೊಲೆಗಾರನ ಜೊತೆ ನಿಂತ ಹಾಗೆ ಕಾಣುತ್ತದೆ. ಆದರೆ ಕಾರಣ ಕೇಳಿದಾಗ, ಅದು ಅಪರಾಧವೇ ಅಲ್ಲ ಅಂದವರು ಐದರಲ್ಲಿ ಒಬ್ಬರಷ್ಟೇ. ಹೆಚ್ಚಿನವರ ಮಾತು ಬೇರೆ: ಕ್ಯಾಲಿ ಒಬ್ಬನದೇ ತಪ್ಪಾ? ಆರ್ಡರ್ ಕೊಟ್ಟ ದೊಡ್ಡವರೆಲ್ಲಿ? ಈ ಮಾತನ್ನು ಯುದ್ಧ ಬೇಕು ಅನ್ನುವವನೂ ಹೇಳಬಹುದು, ಬೇಡ ಅನ್ನುವವನೂ ಹೇಳಬಹುದು. ಒಬ್ಬನಿಗೆ ಕ್ಯಾಲಿ ಕರ್ತವ್ಯ ಮಾಡಿದ ಹುಡುಗ, ಇನ್ನೊಬ್ಬನಿಗೆ ಬಲಿಪಶು. ಇಬ್ಬರೂ ಒಂದೇ ಉತ್ತರಕ್ಕೆ ಟಿಕ್ ಹಾಕಿದ್ದಾರೆ. ಅದಕ್ಕೇ ಈಗ ಯಾವ ಸಮೀಕ್ಷೆ ಕೈಗೆ ಬಂದರೂ ಶೇಕಡಾವಾರು ಆಮೇಲೆ, ಪ್ರಶ್ನೆಯ ಮಾತುಗಳನ್ನು ಮೊದಲು ಓದುತ್ತೇನೆ.

ಅದೇ ವರ್ಷ ಹರ್ಬರ್ಟ್ ಕೆಲ್ಮನ್ ಮತ್ತು ಲೀ ಲಾರೆನ್ಸ್ ಎಂಬ ಸಂಶೋಧಕರು ಇನ್ನೂ ನೇರವಾಗಿ ಕೇಳಿದರು: ಹಳ್ಳಿಯವರನ್ನೆಲ್ಲ ಕೊಲ್ಲಿ ಅಂತ ಆರ್ಡರ್ ಬಂದರೆ ನೀವು ಗುಂಡು ಹಾರಿಸುತ್ತೀರಾ? ಹಾರಿಸುತ್ತೇವೆ ಅಂದವರು ಶೇ. 51, ಇಲ್ಲ ಅಂದವರು ಶೇ. 33. ತರಗತಿಯಲ್ಲಿ ಇದನ್ನು ಹೇಳಿದಾಗ ಯಾರೂ ತಕ್ಷಣ ಮಾತಾಡುವುದಿಲ್ಲ.

ಹೋಲಿಸಿ ನೋಡಲು 1876ರ ಬ್ರಿಟನ್ನಿನ ಪತ್ರಿಕೆಗಳನ್ನೂ ತೆಗೆದೆ. ಬಲ್ಗೇರಿಯಾದಲ್ಲಿ ಒಟ್ಟೋಮನ್ ಪಡೆಗಳು ಊರಿಗೆ ಊರೇ ಕೊಂದ ವರದಿಗಳು ಬಂದಾಗ ಪ್ರಧಾನಿ ಡಿಸ್ರೇಲಿ ಅದನ್ನು ಕಾಫಿ ಅಂಗಡಿಯ ಹರಟೆ ಅಂತ ತಳ್ಳಿಹಾಕಿದರು. ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಆ ಹತ್ಯೆಗಳನ್ನು ಖಂಡಿಸಿ ಬರೆದ ಕಿರುಪುಸ್ತಿಕೆ ಮಾತ್ರ ಒಂದೇ ತಿಂಗಳಲ್ಲಿ ಸುಮಾರು 2 ಲಕ್ಷ ಪ್ರತಿ ಹೋಯಿತು. ಮರುವರ್ಷ ರಷ್ಯಾ ಯುದ್ಧ ಸಾರಿದಾಗ ಒಟ್ಟೋಮನ್ನರ ನೆರವಿಗೆ ಹೋಗುವುದು ಸರ್ಕಾರಕ್ಕೆ ಕಷ್ಟವಾಯಿತು. ಅಲ್ಲಿ ಕೊಂದವರು ಬೇರೆಯವರು. ಮತ ಕೇಳುವ ದೊಡ್ಡ ನಾಯಕನೊಬ್ಬ ಆ ಸಿಟ್ಟನ್ನು ಕೈಗೆತ್ತಿಕೊಂಡಿದ್ದ. ಮೈ ಲಾಯ್ ವಿಷಯದಲ್ಲಿ ಕೊಂದವರು ಪಕ್ಕದ ಬೀದಿಯ ಹುಡುಗರು. ಹೆಲಿಕಾಪ್ಟರ್ ಇಳಿಸಿ, ಹಳ್ಳಿಗರನ್ನು ಉಳಿಸಿದ ಪೈಲಟ್ ಹ್ಯೂ ಥಾಂಪ್ಸನ್‌ಗೆ ಊರಿಗೆ ಬಂದ ಮೇಲೆ ಕೊಲೆ ಬೆದರಿಕೆಗಳು ಬಂದವು. ಪದಕ ಸಿಕ್ಕಿದ್ದು 1998ರಲ್ಲಿ.

ಜನಾಭಿಪ್ರಾಯದಿಂದ ಏನೂ ಆಗಲಿಲ್ಲ ಅಂತಲ್ಲ. ಶಿಕ್ಷೆ ಪ್ರಕಟವಾದ ಮರುದಿನವೇ ಅಧ್ಯಕ್ಷ ನಿಕ್ಸನ್ ಆದೇಶದ ಮೇಲೆ ಕ್ಯಾಲಿಯನ್ನು ಸೆರೆಮನೆಯಿಂದ ತೆಗೆದು ಗೃಹಬಂಧನಕ್ಕೆ ಕಳಿಸಿದರು. ಜೀವಾವಧಿ 20 ವರ್ಷವಾಯಿತು, 20 ವರ್ಷ 10 ಆಯಿತು, 1974ರಲ್ಲಿ ಅವನು ಹೊರಗೆ ಬಂದ. ಆ ಇಡೀ ಪ್ರಕರಣದಲ್ಲಿ ಶಿಕ್ಷೆಯಾದದ್ದು ಅವನೊಬ್ಬನಿಗೇ.