ಸಿಲಿಂಡರಿನ ಗಾಳಿಯ ಲೆಕ್ಕ: ಲೀಟರಿನಲ್ಲಿ ಮತ್ತು ಘನ ಅಡಿಯಲ್ಲಿ

ಸ್ಕೂಬಾ ಮುಳುಗುಗಾರರು ನೀರಿನಿಂದ ಮೇಲೆ ಬಂದೊಡನೆ ಸಿಲಿಂಡರಿನಲ್ಲಿ ಎಷ್ಟು ಬಾರ್ (ಒತ್ತಡದ ಅಳತೆ) ಉಳಿಯಿತೆಂದು ಪರಸ್ಪರ ಕೇಳಿಕೊಳ್ಳುವುದು ರೂಢಿ. ಆದರೆ ಮಾಪಕ ತೋರಿಸುವುದು ಒತ್ತಡವನ್ನೇ ಹೊರತು ಗಾಳಿಯ ಪ್ರಮಾಣವನ್ನಲ್ಲ: 15 ಲೀಟರ್ ಒಳಜಾಗದ ಸಿಲಿಂಡರಿನಲ್ಲಿ 70 ಬಾರ್ ಎಂದರೆ, ಮೇಲ್ಮೈಯ ಒತ್ತಡದಲ್ಲಿ ಅಳೆದಾಗ, 1,050 ಲೀಟರ್ ಗಾಳಿ, 10 ಲೀಟರಿನದರಲ್ಲಿ ಅದೇ 70 ಬಾರ್ ಎಂದರೆ 700 ಲೀಟರ್. ಒತ್ತಡದ ಇಳಿಕೆಯನ್ನು ಮೊದಲು ಗಾಳಿಯ ಪ್ರಮಾಣವಾಗಿ ಪರಿವರ್ತಿಸಿ, ನಂತರ ಅಷ್ಟೇ ಉಸಿರಾಟಕ್ಕೆ ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ ಎಷ್ಟು ಗಾಳಿ ಸಾಕಾಗುತ್ತಿತ್ತು ಎಂಬ ದರವನ್ನು ಕಂಡುಕೊಂಡರೆ ಮಾತ್ರ, ಒಂದು ಮುಳುಗಿನ ಲೆಕ್ಕ ಬೇರೆ ಸಿಲಿಂಡರಿಗೂ ಬೇರೆ ಆಳಕ್ಕೂ ಉಪಯೋಗಕ್ಕೆ ಬರುತ್ತದೆ.

ಮೆಟ್ರಿಕ್ ಪದ್ಧತಿಯಲ್ಲಿ ಇದು ಸುಲಭ. 12 ಲೀಟರಿನ ಸಿಲಿಂಡರಿನೊಂದಿಗೆ ಸರಾಸರಿ 20 ಮೀಟರ್ ಆಳದಲ್ಲಿ 20 ನಿಮಿಷ ಕಳೆದಾಗ 72 ಬಾರ್ ಇಳಿದಿದೆ ಎಂದುಕೊಳ್ಳಿ. 72ನ್ನು 12ರಿಂದ ಗುಣಿಸಿದರೆ 864 ಲೀಟರ್, ಅಂದರೆ ನಿಮಿಷಕ್ಕೆ 43.2 ಲೀಟರ್. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಭಾರದಷ್ಟು (ಸಮುದ್ರಮಟ್ಟದಲ್ಲಿ ಗಾಳಿ ಒತ್ತುವಷ್ಟು) ಒತ್ತಡ ಕೂಡುವುದರಿಂದ, ಮೇಲ್ಮೈಯ ಒಂದನ್ನೂ ಸೇರಿಸಿ 20 ಮೀಟರಿನಲ್ಲಿ ಮೂರು ವಾಯುಭಾರ; ಅಲ್ಲಿ ಒಂದೊಂದು ಉಸಿರಿಗೂ ಮೇಲ್ಮೈಯ ಮೂರು ಪಟ್ಟು ಗಾಳಿ ಬೇಕು. ಮೂರರಿಂದ ಭಾಗಿಸಿದಾಗ ಬರುವ 14.4 ಲೀಟರೇ ಈ ಮುಳುಗುಗಾರನ ಮೇಲ್ಮೈ ದರ. ಇಲ್ಲಿ ಗರಿಷ್ಠ ಆಳವನ್ನು ಬಳಸದೆ, ಡೈವ್ ಕಂಪ್ಯೂಟರ್ (ಆಳ, ಸಮಯಗಳನ್ನು ದಾಖಲಿಸುವ ಉಪಕರಣ) ನೀಡುವ ಸರಾಸರಿ ಆಳವನ್ನೇ ಬಳಸಬೇಕು. ಆರಂಭದ ಒತ್ತಡವನ್ನು ದೋಣಿಯಲ್ಲಿ ಓದಬಾರದು. ಬಿಸಿಲಿಗೆ ಕಾದ ಸಿಲಿಂಡರ್ ನೀರಿನಲ್ಲಿ ತಣ್ಣಗಾದಾಗ ಉಸಿರಾಡದೆಯೂ ಒತ್ತಡ ಇಳಿಯುತ್ತದೆ. ಆಳಕ್ಕೆ ಇಳಿದು ಕೆಲವು ನಿಮಿಷ ಕಳೆದ ಮೇಲೆ ಓದಿದ ಅಂಕಿಯೇ ನಂಬಲರ್ಹ.

ಇಂಪೀರಿಯಲ್ ಪದ್ಧತಿಯಲ್ಲಿ ಸಿಲಿಂಡರಿನ ಹೆಸರಿಗಿರುವ ಅರ್ಥವೇ ಬೇರೆ. 12 ಲೀಟರ್ ಎಂಬುದು ಸಿಲಿಂಡರಿನ ಒಳಗಿನ ಜಾಗ. 80 ಘನ ಅಡಿ ಎಂಬುದು ನಿಗದಿತ ಒತ್ತಡಕ್ಕೆ ತುಂಬಿದಾಗ ಅದು ಹಿಡಿಯುವ ಗಾಳಿ. ಎಲ್ಲೆಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಸಿಲಿಂಡರ್ 3,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದಲ್ಲಿ ನಿಜವಾಗಿ ಹಿಡಿಯುವುದು 77.4 ಘನ ಅಡಿ, ಅಂದರೆ ಪ್ರತಿ 100 ಪಿಎಸ್‌ಐಗೆ 2.58 ಘನ ಅಡಿ. ಈ ಭಾಗಾಕಾರದಲ್ಲಿ ಯಾವಾಗಲೂ ನಿಗದಿತ ಒತ್ತಡವನ್ನೇ ಹಾಕಬೇಕು. ಅಂದು 2,700 ಪಿಎಸ್‌ಐ ಮಾತ್ರ ತುಂಬಿದ್ದಾರೆಂದು 77.4ನ್ನು 2,700ರಿಂದ ಭಾಗಿಸಿದರೆ, ಇಲ್ಲದ ಗಾಳಿ ಕಾಗದದ ಮೇಲೆ ಇದ್ದಂತೆ ಕಾಣುತ್ತದೆ. ಕಲಿಯುವವರು ಅತ್ಯಂತ ಎಚ್ಚರದಿಂದ ತಪ್ಪಿಸಬೇಕಾದ ದೋಷ ಇದೆಂದು ನನ್ನ ಅಭಿಪ್ರಾಯ. ಈ ಸಿಲಿಂಡರಿನಲ್ಲಿ 66 ಅಡಿ ಆಳದಲ್ಲಿ 20 ನಿಮಿಷಕ್ಕೆ 1,180 ಪಿಎಸ್‌ಐ ಇಳಿದರೆ ಬಳಕೆ 30.4 ಘನ ಅಡಿ, ನಿಮಿಷಕ್ಕೆ 1.52. ಇಲ್ಲಿ 33 ಅಡಿಗೆ ಒಂದು ವಾಯುಭಾರವಾದ್ದರಿಂದ ಮೂರರಿಂದ ಭಾಗಿಸಿದರೆ 0.51 ಘನ ಅಡಿ. ಒಂದು ಘನ ಅಡಿ 28.3 ಲೀಟರಿಗೆ ಸಮವಾದುದರಿಂದ ಇದು ಮೊದಲಿನ 14.4 ಲೀಟರೇ.

ಎರಡು ಪದ್ಧತಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದಿಲ್ಲ. ಅದೇ ಸಿಲಿಂಡರಿನ 11.1 ಲೀಟರ್ ಜಾಗವನ್ನು ಅದರ ನಿಗದಿತ ಒತ್ತಡವಾದ 207 ಬಾರಿನಿಂದ ಗುಣಿಸಿದರೆ ಸುಮಾರು 2,300 ಲೀಟರ್ ಬರುತ್ತದೆ, 77.4 ಘನ ಅಡಿಯಾದರೋ ಸುಮಾರು 2,190 ಲೀಟರ್. ಅಷ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿ ಆದರ್ಶ ಅನಿಲದಂತೆ (ಒತ್ತಡ ಹೆಚ್ಚಿದ ಪ್ರಮಾಣದಲ್ಲೇ ಕುಗ್ಗುವ ಕಾಲ್ಪನಿಕ ಅನಿಲ) ಕುಗ್ಗದಿರುವುದೇ ಇದಕ್ಕೆ ಮುಖ್ಯ ಕಾರಣ. ಯೋಜನೆಗೆ ಚಿಕ್ಕ ಅಂಕಿಯನ್ನೇ ಆರಿಸಿಕೊಳ್ಳಿ.

ಈ ದರದ ನಿಜವಾದ ಬೆಲೆ ಮೀಸಲು ಗಾಳಿಯನ್ನು ನಿರ್ಧರಿಸುವಾಗ ತಿಳಿಯುತ್ತದೆ. 30 ಮೀಟರಿನಲ್ಲಿ ಸಂಗಾತಿಯ ಗಾಳಿ ಮುಗಿದು, ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ಮೇಲೇರಬೇಕಾಗಿ ಬಂದಿದೆ ಎಂದು ಭಾವಿಸಿ. ಗಾಬರಿಯಲ್ಲಿ ಉಸಿರು ಹೆಚ್ಚುವುದರಿಂದ ತಲಾ ನಿಮಿಷಕ್ಕೆ 20 ಲೀಟರ್ ಮೇಲ್ಮೈ ದರ ಹಿಡಿಯೋಣ. ತಳದಲ್ಲಿ ಸಾವರಿಸಿಕೊಳ್ಳಲು ನಾಲ್ಕು ವಾಯುಭಾರದಲ್ಲಿ ಒಂದು ನಿಮಿಷ, ಸರಾಸರಿ ಎರಡೂವರೆ ವಾಯುಭಾರದಲ್ಲಿ ನಾಲ್ಕು ನಿಮಿಷದ ಏರಿಕೆ, 5 ಮೀಟರಿನಲ್ಲಿ ಮೂರು ನಿಮಿಷದ ಸುರಕ್ಷತಾ ನಿಲುಗಡೆ: ಒಟ್ಟು 740 ಲೀಟರ್, ಅಂದರೆ 26.1 ಘನ ಅಡಿ. 12 ಲೀಟರಿನ ಸಿಲಿಂಡರಿನಲ್ಲಿ ಇದಕ್ಕೆ 62 ಬಾರ್, ಅಲ್ಯೂಮಿನಿಯಂ 80ರಲ್ಲಿ ಸುಮಾರು 1,010 ಪಿಎಸ್‌ಐ ಬೇಕು. ಎಲ್ಲ ಆಳಕ್ಕೂ 50 ಬಾರ್ ಉಳಿಸಿದರಾಯಿತು ಎಂಬ ನಿಯಮ ಈ ಆಳದಲ್ಲಿ ಸಾಲದು. 70 ಬಾರ್ ಅಥವಾ 1,100 ಪಿಎಸ್‌ಐ ಕಂಡಾಗಲೇ ತಳ ಬಿಡಬೇಕು.