ಜಮಾಬಂದಿಗೆ ಹೋಗುವಾಗ ಟೇಪ್ ಮರೆಯಬೇಡಿ

2015ರಿಂದ ಒಂದು ಅವಧಿಗೆ ನಾನು ನಮ್ಮ ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದೆ. ಮಂಡ್ಯ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ಅದಕ್ಕೂ ಮುಂಚೆ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದೆ. ಈಗ ಜಮಾಬಂದಿ, ಅಂದರೆ ಪಂಚಾಯ್ತಿಯ ವರ್ಷದ ಲೆಕ್ಕ ಕೇಳುವ ಸಭೆ, ಹತ್ತಿರ ಬಂತೆಂದರೆ ಅಕ್ಕಪಕ್ಕದ ಊರಿನವರು ಫೋನ್ ಮಾಡಿ, "ಅಕ್ಕಾ, ಏನ್ ಕೇಳ್ಬೇಕು, ಹೆಂಗ್ ಕೇಳ್ಬೇಕು?" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಲೆಕ್ಕ ಶುರುವಾಗುವುದು ಚುನಾವಣೆಯಿಂದ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಹಾಗಾಗಿ ಖರ್ಚು ಅಭ್ಯರ್ಥಿಯದ್ದು, ಇಲ್ಲವೇ ಅವರ ಬೆನ್ನ ಹಿಂದೆ ನಿಂತವರದ್ದು. ನಾನು ಮಗಳ ಹಳೇ ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಟ್ಟೆ. ಕರಪತ್ರ, ಆಟೋ, ಮೈಕು, ಜೊತೆಗೆ ಓಡಾಡಿದವರಿಗೆ ಟೀ ಬೋಂಡ. ಒಟ್ಟು 18,340 ರೂಪಾಯಿ. ಜಲ್ಲಿ, ಮರಳು ಸಪ್ಲೈ ಮಾಡುವವರೊಬ್ಬರು ಒಂದು ಸಂಜೆ ಜಗಲಿ ಮೇಲೆ ಕವರ್ ಇಟ್ಟು, "ಇರ್ಲಿ ತಗೊಳ್ಳಕ್ಕ, ಗೆದ್ಮೇಲೆ ನೋಡ್ಕಳಾನ" ಅಂದರು. ವಾಪಸ್ ಕೊಟ್ಟೆ. ದೊಡ್ಡತನವೇನಲ್ಲ. ನಮ್ಮನೆಯವರು ಸಾಲ ಅಂದರೆ ರಾತ್ರಿಯೆಲ್ಲ ನಿದ್ದೆ ಮಾಡದ ಮನುಷ್ಯ.

ಆಗ ಸದಸ್ಯರಿಗೆ ಗೌರವಧನ ತಿಂಗಳಿಗೆ 1,000 ರೂಪಾಯಿ. ಐದು ವರ್ಷಕ್ಕೆ 60,000. ಬಾಡೂಟ, ಸೀರೆ ಅಂತ ಐದು ಲಕ್ಷ ಸುರಿದು ಗೆದ್ದವರು ಮಿಕ್ಕಿದ್ದನ್ನು ಎಲ್ಲಿಂದ ಎತ್ತುತ್ತಾರೆ? ಚರಂಡಿಯಿಂದ, ಮೋಟರಿನಿಂದ, ಬೀದಿದೀಪದಿಂದ. ಆದ್ದರಿಂದ ನಿಲ್ಲುವವರು ಯಾರು ಎಷ್ಟು ಕೊಟ್ಟರು ಅಂತ ಹೆಸರು ಸಮೇತ ಬರೆದಿಡಿ. ಆ ಹೆಸರಿನ ಬಿಲ್ ಸಭೆಗೆ ಬಂದಾಗ ಎದ್ದು ಹೊರಗೆ ಬನ್ನಿ. ಓಟು ಹಾಕುವವರು ಬಾಡೂಟ ಯಾರ ಕಾಸಿನದ್ದು ಅಂತ ನೆನಪಿಟ್ಟುಕೊಳ್ಳಿ. ಆ ಹೆಸರು ಮುಂದೆ ಪಂಚಾಯ್ತಿ ದುಡ್ಡು ಕೊಟ್ಟ ವೋಚರ್‌ನಲ್ಲಿ ಸಿಕ್ಕರೂ ಸಿಗಬಹುದು.

ಇನ್ನು ಜಮಾಬಂದಿ. ಹೋದ ವರ್ಷದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗಿನ ಪಂಚಾಯ್ತಿ ಲೆಕ್ಕವನ್ನು ಊರವರ ಮುಂದೆ ಬಿಚ್ಚಿಡುವ ದಿನ ಅದು. 2004ರಲ್ಲಿ ಇದಕ್ಕೇ ಅಂತ ನಿಯಮ ಬಂತು. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ತಾಲ್ಲೂಕು ಕಡೆಯಿಂದ ಅಧಿಕಾರಿ ಬರುತ್ತಾರೆ, ಶಾಮಿಯಾನ ಹಾಕುತ್ತಾರೆ, ಯಾರೋ ಒಬ್ಬರು ಜಮಾ ಖರ್ಚು ಗಡಗಡ ಓದುತ್ತಾರೆ, ಎಲ್ಲರೂ ಟೀ ಕುಡಿದು ಏಳುತ್ತಾರೆ. ಹಾಗಾಗಬಾರದು ಅಂದರೆ ನಿಮ್ಮ ಕೆಲಸ ಬಹಳ ಮುಂಚೆಯೇ ಶುರುವಾಗಬೇಕು.

ಮೊದಲು ಮೊಬೈಲ್ ತೆಗೆಯಿರಿ. ಇ-ಗ್ರಾಮ್‌ಸ್ವರಾಜ್ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದರೆ ಕೇಂದ್ರದ ಹಣಕಾಸು ಆಯೋಗದ ದುಡ್ಡು ಬಂದಿದ್ದು, ಹೋಗಿದ್ದು ಕಾಣುತ್ತದೆ. 15ನೇ ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇಕಡಾ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಮಿಕ್ಕ 40 ಊರಿಗೆ ಬೇಕಾದ್ದಕ್ಕೆ, ಆದರೆ ಸಂಬಳಕ್ಕೆ ಮುಟ್ಟುವಂತಿಲ್ಲ. ನೀರಿನ ದುಡ್ಡಲ್ಲಿ ಕಮಾನು ಕಟ್ಟಿದ್ದರೆ ಅಲ್ಲೇ ಒಂದು ಪ್ರಶ್ನೆ ಸಿಕ್ಕಿತು.

ಆಮೇಲೆ ಪಂಚಾಯ್ತಿ ಆಫೀಸಿಗೆ ಹೋಗಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರ ಹತ್ತಿರ ಮರ್ಯಾದೆಯಾಗಿ ನಾಲ್ಕು ಪುಸ್ತಕ ಕೇಳಿ. ನಗದು ಪುಸ್ತಕ, ವೋಚರ್ ಫೈಲು, ಸಭೆಯಲ್ಲಿ ಆಗಿದ್ದನ್ನು ಬರೆಯುವ ನಡವಳಿ ಪುಸ್ತಕ, ಎಂ.ಬಿ. ಈ ಎಂ.ಬಿ. ಅಂದರೆ ಎಂಜಿನಿಯರ್ ಕಾಮಗಾರಿಯ ಅಳತೆ ಬರೆಯುವ ಪುಸ್ತಕ. ಬಿಲ್ಲಿನ ತಾಯಿಬೇರು ಅದೇ. ಕೊಡಲ್ಲ ಅಂದರೆ ಜಗಳ ಬೇಡ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದೇ ವಿಷಯ ಕೇಳಿ, 150 ಪದ ದಾಟಬೇಡಿ. ಉತ್ತರಕ್ಕೆ 30 ದಿನ ಹಿಡಿಯುತ್ತದೆ. ಹಾಗಾಗಿ ಜೂನ್‌ನಲ್ಲೇ ಹಾಕಿದರೆ ಒಳ್ಳೆಯದು.

ಪುಸ್ತಕ ಸಿಕ್ಕಿದ ಮೇಲೆ ಎಲ್ಲ ಓದಲು ಹೋಗಬೇಡಿ, ತಲೆ ಕೆಡುತ್ತದೆ. ರಿಪೇರಿ ಬಿಲ್ ಮಾತ್ರ ಮೊದಲು ನೋಡಿ. ರಸ್ತೆ ಕಣ್ಣಿಗೆ ಕಾಣುತ್ತದೆ, ರಿಪೇರಿ ಕಾಣುವುದಿಲ್ಲ ಅಲ್ವಾ? ಬೋರ್‌ವೆಲ್ ಮೋಟರ್ ವೈಂಡಿಂಗ್, ಪೈಪ್‌ಲೈನ್ ಲೀಕು, ಬ್ಲೀಚಿಂಗ್ ಪೌಡರ್, ಬಲ್ಬು. ನನ್ನ ಎರಡನೇ ವರ್ಷದಲ್ಲಿ ಶಾಲೆ ಹಿಂದಿನ ಬೋರ್‌ನ ಮೋಟರ್ ಏಳು ತಿಂಗಳಲ್ಲಿ ಐದು ಸಲ ಸುಟ್ಟಿತ್ತು, ಕಾಗದದಲ್ಲಿ. ನೀರುಗಂಟಿಯನ್ನು ಕೇಳಿದೆ. "ಎಲ್ಲವ್ವ, ಒಂದ್ಸಾರಿ ಎತ್ತಿದ್ದು" ಅಂದ. ಮೋಟರ್ ಎತ್ತಬೇಕಾದರೆ ಚೈನ್‌ಪುಲ್ಲಿ ಬೇಕು, ಮೂರ್ನಾಲ್ಕು ಆಳು ಬೇಕು, ಬೀದಿಗೆ ಎರಡು ದಿನ ನೀರಿರಲ್ಲ. ಹೆಂಗಸರಿಗೆ ಗೊತ್ತಾಗದೆ ಮೋಟರ್ ಸುಡುವುದುಂಟೇ? ಅದಕ್ಕೇ ಹೇಳುವುದು, ನೀರಿಲ್ಲದ ದಿನ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿ. ನಾವು ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಹಾಕಿದರಾಯಿತು.

ನನ್ನ ತಪ್ಪನ್ನೂ ಹೇಳಬೇಕು. ಮೊದಲ ವರ್ಷ 60 ಬಲ್ಬಿನ ಬಿಲ್ಲಿಗೆ ನಾನೇ ಕೈ ಎತ್ತಿದ್ದೆ. ಆಮೇಲೆ ಒಂದು ಸಂಜೆ ಮಗಳ ಜೊತೆ ನಡೆದು ಎಣಿಸಿದೆ. ನಮ್ಮೂರಿನ ಎರಡು ಬೀದಿ, ಕಾಲೊನಿ ಸೇರಿ ಇದ್ದದ್ದೇ 41 ಕಂಬ.

ಎರಡನೆಯದಾಗಿ, ಒಂದೇ ವಾರದಲ್ಲಿ, ಒಂದೇ ಅಂಗಡಿಗೆ, ಹತ್ತಿರ ಹತ್ತಿರ ಒಂದೇ ಮೊತ್ತದ ಬಿಲ್ಲು ಇವೆಯಾ ನೋಡಿ. ಟೆಂಡರ್ ಕರೆಯಬೇಕಾದ ದೊಡ್ಡ ಕೆಲಸವನ್ನು ತುಂಡು ಮಾಡಿ ತಿನ್ನುವುದು ಹೀಗೇ. ಕಬ್ಬು ಸೀಳಿದ ಹಾಗೆ.

ಮೂರನೆಯದು ಟೇಪ್. 30 ಮೀಟರ್‌ನದ್ದು, ಗಾರೆ ಮೇಸ್ತ್ರಿ ಹತ್ತಿರ ಕೇಳಿ ತನ್ನಿ. ಜಮಾಬಂದಿ ದಿನ ಅಧಿಕಾರಿಗಳು ಕಾಮಗಾರಿ ಜಾಗಕ್ಕೂ ಹೋಗಿ ನೋಡಬೇಕು. "ಬಿಸಿಲು ಜಾಸ್ತಿ, ಫೋಟೋ ಇದೆಯಲ್ಲ" ಅಂದರೆ ಒಪ್ಪಬೇಡಿ. ಎಂ.ಬಿ.ಯಲ್ಲಿ ಬರೆದ ಉದ್ದ, ಅಗಲ, ಆಳ ಚೀಟಿಯಲ್ಲಿ ಇಟ್ಟುಕೊಂಡು ಅವರ ಎದುರಿಗೇ ಅಳೆಯಿರಿ. ಉದ್ದದಲ್ಲಿ ಯಾರೂ ಮೋಸ ಮಾಡುವುದಿಲ್ಲ, ಸಿಕ್ಕಿಬೀಳುತ್ತಾರೆ. ಮೋಸ ಇರುವುದು ಕಾಂಕ್ರೀಟಿನ ದಪ್ಪದಲ್ಲಿ. ರಸ್ತೆಯ ಅಂಚಿನ ಮಣ್ಣು ಕೆರೆದು ಸ್ಕೇಲ್ ಇಟ್ಟು ನೋಡಿ. ಒಂದೇ ಕಡೆ ಬೇಡ, ಮೂರು ಕಡೆ.

ಕೇಳುವಾಗ "ತಿಂದವ್ರೆ" ಅನ್ನಬೇಡಿ. ಅಂದ ಕೂಡಲೇ ಮಾತು ಜಾತಿಗೆ, ಪಾರ್ಟಿಗೆ ತಿರುಗುತ್ತದೆ, ಲೆಕ್ಕ ಮೂಲೆಗೆ ಬೀಳುತ್ತದೆ. ವೋಚರ್ ನಂಬರ್, ತಾರೀಖು, ಮೊತ್ತ ಹೇಳಿ ಸುಮ್ನೆ ಕೂತುಕೊಳ್ಳಿ. ಪಾವತಿಗೆ ಅಧ್ಯಕ್ಷರು, ಪಿಡಿಒ ಇಬ್ಬರ ಸಹಿಯೂ ಇರುತ್ತದೆ. ಉತ್ತರವನ್ನೂ ಇಬ್ಬರೂ ಕೊಡಲಿ.

ಸಭೆಯ ಶುರುವಲ್ಲೇ ಪುಸ್ತಕ ಹಿಡಿದುಕೊಂಡು ಸಹಿಗೆ ಬರುತ್ತಾರೆ. ಮೇಲೆ ಏನೂ ಬರೆದಿರುವುದಿಲ್ಲ. ಅದಕ್ಕೆ ಸಹಿ ಹಾಕಬೇಡಿ. ಹಾಜರಾತಿ ಅಂದರೆ "ಹಾಜರಾತಿ" ಅಂತ ತಲೆಬರಹ ಬರೆಸಿ, ಆಮೇಲೆ ಹಾಕಿ. ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ನಡವಳಿಯಲ್ಲಿ ಬರೆಯುವವರೆಗೂ ಏಳಬೇಡಿ. ನಾನು ಮೋಟರ್ ವಿಷಯ ಕೇಳಿದ ದಿನ ಅದು ಮೂರೂವರೆ ಗಂಟೆಗೆ ಬರೆದು ಮುಗಿಯಿತು. ಊಟಕ್ಕೆ ಕರೆದರು, ಹೋಗಲಿಲ್ಲ. ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡೇ ಹೋಗಿದ್ದೆ. ನೀವೂ ಇಟ್ಟುಕೊಳ್ಳಿ.