ಜೈಲಲ್ಲಿ ಜೀವನ ಕೌಶಲದ ಕ್ಲಾಸು: ನನ್ನ ಅನುಭವ

ಕೈದಿಗಳಿಗೆ ಕ್ಲಾಸ್ ತಗೋತೀನಿ ಅಂದಾಗ ಜೊತೆಗಿದ್ದ ವಾಲಂಟಿಯರ್‌ಗಳೇ "ಎರಡು ತಿಂಗಳು ನಡೆದ್ರೆ ಹೆಚ್ಚು" ಅಂದಿದ್ರು. ಇದು ನಾಲ್ಕನೇ ವರ್ಷ, ಇನ್ನೂ ನಡೀತಿದೆ.

ಮೊದಲ ಬ್ಯಾಚು ಪೂರ್ತಿ ಕೈಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರೋ 10 ಜೀವನ ಕೌಶಲ (ನಿರ್ಧಾರ ತಗೊಳ್ಳೋದು, ಒತ್ತಡ ನಿಭಾಯಿಸೋದು, ಇಂಥವು) ಇಟ್ಕೊಂಡು 12 ವಾರದ ಸಿಲಬಸ್ ಮಾಡಿದ್ದೆ, ಶುರುವಲ್ಲಿ 22 ಜನ, ಕೊನೇಗೆ ಐದೋ ಆರೋ. ಬೇಜಾರಾಗಿ ಬಿಟ್ಟಿದ್ದಲ್ಲ, ಒಬ್ಬನಿಗೆ ಕೋರ್ಟ್ ಡೇಟು, ಒಬ್ಬನಿಗೆ ಜಾಮೀನು, ಇನ್ನೊಬ್ಬನ್ನ ಬೇರೆ ಜೈಲಿಗೆ ಕಳಿಸಿದ್ರು, ಮೂರನೇ ವಾರ ಇಲ್ದೇ ಇದ್ದೋನಿಗೆ ನಾಲ್ಕನೇ ವಾರ ತಲೆಬುಡ ತಿಳೀತಿರ್ಲಿಲ್ಲ. ದುಡ್ಡಿನ ಕಥೆ ಇನ್ನೂ ಕೆಟ್ಟದ್ದು. ಕೈಯಿಂದ ಹಾಕಿ 60 ಪುಸ್ತಕ ಸ್ಪೈರಲ್ ಬೈಂಡ್ ಮಾಡಿಸಿದ್ದೆ, ತಂತಿ ಇದೆ ಅಂತ ಗೇಟಲ್ಲೇ ವಾಪಸ್. ಅರ್ಧ ತಿಂಗಳ ಸಂಬಳ ನೀರುಪಾಲು. ಈಗ ಹಾಳೆ ಮಡಚಿ ದಾರದಲ್ಲಿ ಹೊಲೀತೀನಿ, ಖರ್ಚು ಹತ್ತನೇ ಒಂದು ಪಾಲೂ ಇಲ್ಲ.

ಸಿಲಬಸ್ ಬಿಸಾಕಿ ಒಂದೊಂದು ಕ್ಲಾಸೂ ಅಲ್ಲಿಗಲ್ಲಿಗೇ ಮುಗಿಯೋ ಹಾಗೆ ಮಾಡ್ದೆ, ಒಂದೂವರೆ ಗಂಟೆ, ಒಂದೇ ಸನ್ನಿವೇಶ, ಅದನ್ನ ಅವರೇ ನಟಿಸಿ ನೋಡೋದು. ಕೆಲಸ ಕೇಳೋ ಸೀನಲ್ಲಿ "ಇಷ್ಟು ವರ್ಷ ಎಲ್ಲಿದ್ರಿ?" ಅಂತ ಕೇಳಿದ್ರೆ ಒಬ್ಬ ಎದ್ದುನಿಂತು ಕೈ ಹಿಂದಕ್ಕೆ ಕಟ್ಕೊಂಡು ನೆಲ ನೋಡ್ತಿದ್ದ, ಜೈಲರ್ ಮುಂದೆ ನಿಂತ ಹಾಗೇ. ಮಾತಿಗಿಂತ ಮೊದಲು ಆ ಕೈ ಬಿಡಿಸೋಕೇ ನಾಲ್ಕು ಕ್ಲಾಸ್ ಹಿಡೀತು. ಹೊರಗೆ ಹೋದ್ಮೇಲೆ ಫೋನ್ ಮಾಡಿದ್ದ: "ಮೇಡಂ, ಅದನ್ನೇ ಕೇಳಿದ್ರು, ಕೂತ್ಕೊಂಡೇ ಹೇಳ್ದೆ." ಕೆಲಸ ಅಲ್ಲಿ ಸಿಗ್ಲಿಲ್ಲ, ಮೂರನೇ ಕಡೆ ಸಿಕ್ತು.

ಮಧ್ಯೆ ಇನ್ನೊಂದು ಪ್ರಯೋಗ ಮಾಡ್ದೆ, ಕಾಗದದ ನೋಟು ಕತ್ತರಿಸಿ ಕೊಟ್ಟು ಮೊದಲ ಸಂಬಳ ಹಂಚಿ ಅಂದೆ. ಮುಕ್ಕಾಲು ಜನ ಮೊದಲು ಎತ್ತಿಟ್ಟಿದ್ದು ವಕೀಲರ ಫೀಸಿಗೆ ಮನೆಯೋರು ಮಾಡಿದ್ದ ಸಾಲಕ್ಕೆ. ನನ್ನ ಹಾಳೇಲಿ ಬಾಡಿಗೆ, ಊಟ, ಉಳಿತಾಯ ಎಲ್ಲಾ ಇತ್ತು, ಸಾಲದ ಕಾಲಮ್ಮೇ ಇರ್ಲಿಲ್ಲ. ಅವತ್ತು ರಾತ್ರಿ ಕೂತು ಪೂರ್ತಿ ಹೊಸದಾಗಿ ಬರೆದೆ.

ಕೈಹಿಡಿದಿದ್ದು ಮಾತ್ರ ಹಳೇ ಬ್ಯಾಚಿನೋರನ್ನೇ ಕ್ಲಾಸ್ ತಗೊಳ್ಳೋಕೆ ಮುಂದೆ ನಿಲ್ಲಿಸಿದ್ದು. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನ್ ಹೇವನ್ ಜೈಲಲ್ಲಿ ಶುರುವಾದ, ಹಿಂಸೆ ಇಲ್ದೇ ಜಗಳ ಬಗೆಹರಿಸೋದು ಕಲಿಸೋ ಆಲ್ಟರ್ನೇಟಿವ್ಸ್ ಟು ವಯಲೆನ್ಸ್ ಶಿಬಿರಗಳಲ್ಲೂ ಕೈದಿಗಳೇ ತರಬೇತುದಾರರಾಗ್ತಾರೆ. ಉದ್ದ ಶಿಕ್ಷೆ ಇರೋರನ್ನ ಆರಿಸ್ಕೊಳ್ಳಿ, ಅವರು ಅಲ್ಲೇ ಇರ್ತಾರೆ, ನಾವು ಬರದ ದಿನವೂ ಕ್ಲಾಸ್ ನಿಲ್ಲಲ್ಲ. ಈಗ ಮೂವತ್ತರಲ್ಲಿ 25 ಜನ ತಪ್ಪದೇ ಕೂರ್ತಾರೆ, ನಮ್ಮಲ್ಲಿ ಬೇರೆ ಯಾರಿಗೂ ಇಷ್ಟು ಬಂದಿದ್ದು ನಾನು ನೋಡಿಲ್ಲ.

ಯಾರನ್ನ ಆರಿಸ್ತೀನಿ ಅನ್ನೋದಕ್ಕೆ ಮೊದಲ ದಿನ ಒಂದು ಪ್ರಶ್ನೆ ಕೇಳ್ತೀನಿ, ಅದನ್ನ ಇಲ್ಲಿ ಬರೆಯಲ್ಲ, ಒಳಗಿರೋರಿಗೆ ಮೊದಲೇ ಗೊತ್ತಾದ್ರೆ ಕೆಲಸಕ್ಕೆ ಬರಲ್ಲ. ಮತ್ತೆ ಸ್ಟೇಪ್ಲರ್ ಪಿನ್ನೂ ತೆಗೆದೇ ಹೋಗಿ, ಗೇಟಲ್ಲಿ ಅದಕ್ಕೂ ಅರ್ಧ ಗಂಟೆ ನಿಲ್ಲಿಸಿದ್ದಾರೆ.